ಮೇರಿ ಕ್ಯೂರಿಯ ಲ್ಯಾಬಿನಲ್ಲಿ ಸುರಕ್ಷತೆಯ ಹೊಣೆ ಯಾರದಾಗಿತ್ತು?

ಇಂಜಿನಿಯರಿಂಗ್ ಮೊದಲ ವರ್ಷದ ಫಿಸಿಕ್ಸ್ ಲ್ಯಾಬ್ ನೆನಪಿದೆಯಾ? ಕತ್ತಲೆ ಕೋಣೆ, ಒಂದು ಪುಟ್ಟ ಡಯೋಡ್ ಲೇಸರ್, ಅದರ ಮುಂದೆ ಗ್ರೇಟಿಂಗ್, ಎದುರಿನ ಗೋಡೆ ಮೇಲೆ ಸಾಲಾಗಿ ಕೆಂಪು ಚುಕ್ಕೆಗಳು. ಚುಕ್ಕೆಗಳ ನಡುವಿನ ಅಂತರ ಅಳೆದು ಬೆಳಕಿನ ತರಂಗಾಂತರ ಕಂಡುಹಿಡಿಯಬೇಕು. ನಮ್ಮ ಬ್ಯಾಚಿನ ಹುಡುಗನೊಬ್ಬ ಸ್ಕೇಲ್ ಸರಿಮಾಡಲು ಬಗ್ಗಿದವನು ನೇರ ಲೇಸರ್ ಕಿರಣಕ್ಕೇ ಕಣ್ಣು ಕೊಟ್ಟುಬಿಟ್ಟ. ಎಲ್ಲರೂ ನಕ್ಕೆವು. ಏನೂ ಆಗಲ್ಲ ಬಿಡ್ರೋ ಅಂತ ಲ್ಯಾಬ್ ಮೇಷ್ಟ್ರೂ ನಕ್ಕರು. ನಿಜಕ್ಕೂ ಏನೂ ಆಗಲಿಲ್ಲ. ಅದು ದುರ್ಬಲ ಲೇಸರ್, ರೆಪ್ಪೆ ಮುಚ್ಚುವಷ್ಟರಲ್ಲಿ ಹಾನಿ ಮಾಡುವ ಶಕ್ತಿ ಅದಕ್ಕಿರಲಿಲ್ಲ.

ಕೊನೆಯ ವರ್ಷ ಪ್ರಾಜೆಕ್ಟಿಗೆ ಅಂತ ಬೇರೊಂದು ಸಂಸ್ಥೆಯ ಸಂಶೋಧನಾ ಲ್ಯಾಬಿಗೆ ಹೋದೆ. ಅಲ್ಲಿನ ಲೇಸರ್ ಆಟಿಕೆಯಲ್ಲ. ಕಣ್ಣಿಗೆ ಕಾಣದ ಅತಿಗೆಂಪು ಕಿರಣ, ರೆಪ್ಪೆ ಮಿಟುಕಿಸುವ ಮೊದಲೇ ರೆಟಿನಾ ಸುಡಬಲ್ಲದ್ದು. ಅದಕ್ಕೆ ಬೇಕಾದ ಕನ್ನಡಕಗಳೂ ಇದ್ದವು. ಆದರೆ ಬೀರುವಿನಲ್ಲಿ. ಬೀರುವಿನ ಕೀಲಿ ಎಚ್‌ಓಡಿ ಹತ್ತಿರ. ಇನ್‌ಸ್ಪೆಕ್ಷನ್ ಬಂದಾಗ ಮಾತ್ರ ಅದು ತೆರೆಯುತ್ತಿತ್ತು. ಬೀರುವಿನ ಮೇಲ್ಗಡೆ ಗೋಡೆಗೆ ಮೇರಿ ಕ್ಯೂರಿಯ ಫೋಟೋ. ಸಿನಿಮಾದಲ್ಲಿ ಹೀಗೆ ತೋರಿಸಿದ್ದರೆ ಸ್ವಲ್ಪ ಓವರ್ ಆಯ್ತು ಅನ್ನುತ್ತಿದ್ದೆ. ಆದರೆ ಅದು ಹಾಗೇ ಇತ್ತು.

ಆ ಫೋಟೋ ನಮ್ಮ ಬಹುತೇಕ ಶಾಲೆಗಳಲ್ಲೂ ಇದೆ. ಕಥೆಯೂ ಎಲ್ಲರಿಗೂ ಗೊತ್ತು: ಬಡ ಹುಡುಗಿ, ಕಷ್ಟಪಟ್ಟು ಓದಿದಳು, ರೇಡಿಯಂ ಕಂಡುಹಿಡಿದಳು, ಎರಡು ನೊಬೆಲ್ ಪಡೆದಳು, ಕೊನೆಗೆ ವಿಜ್ಞಾನಕ್ಕಾಗಿ ಪ್ರಾಣ ಕೊಟ್ಟಳು. ಈ ಕೊನೆಯ ಭಾಗ ಬಂದಾಗ ಮೇಷ್ಟ್ರ ದನಿ ಸ್ವಲ್ಪ ಗದ್ಗದ ಆಗೋದು. ನನಗೆ ತಕರಾರು ಇರುವುದು ಆ ಭಾಗದ ಬಗ್ಗೆಯೇ. ಪ್ರಾಣ ಕೊಟ್ಟಳು ಅಂದಾಗ, ಅದನ್ನು ತೆಗೆದುಕೊಂಡವರು ಯಾರು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಅವರ ಬದುಕನ್ನು ಇನ್ನೊಮ್ಮೆ ನೋಡೋಣ. ಈ ಸಲ ಒಂದೇ ಪ್ರಶ್ನೆ ಕೈಯಲ್ಲಿಟ್ಟುಕೊಂಡು: ಆ ಲ್ಯಾಬುಗಳಲ್ಲಿ ಸುರಕ್ಷತೆಯ ಹೊಣೆ ಯಾರದಾಗಿತ್ತು?

ಮಾರಿಯಾ ಸ್ಕ್ಲೊಡೊವ್ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ವಾರ್ಸಾದಲ್ಲಿ. ಆಗ ಆ ಊರು ರಷ್ಯಾದ ತ್ಸಾರನ ಹಿಡಿತದಲ್ಲಿತ್ತು. ಅಪ್ಪ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಪೋಲಿಷ್ ಮಕ್ಕಳಿಗೆ ಪ್ರಯೋಗಾಲಯದ ಪಾಠ ಬೇಡ ಅಂತ ರಷ್ಯನ್ ಅಧಿಕಾರಿಗಳು ಅದನ್ನು ಕಿತ್ತುಹಾಕಿದಾಗ ಅವರು ಸಲಕರಣೆಗಳನ್ನು ಮನೆಗೆ ತಂದಿಟ್ಟುಕೊಂಡರು. ಅಂದರೆ ಈ ಹುಡುಗಿ ಮೊದಲು ನೋಡಿದ ಲ್ಯಾಬ್, ಸರ್ಕಾರ ಬೇಡ ಅಂದಿದ್ದ ಲ್ಯಾಬ್. ಹೆಣ್ಣುಮಕ್ಕಳಿಗೆ ಅಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತ್ತು. ಮನೆಯಿಂದ ಮನೆಗೆ ಜಾಗ ಬದಲಿಸುತ್ತಾ ಗುಟ್ಟಾಗಿ ನಡೆಯುತ್ತಿದ್ದ 'ಹಾರುವ ವಿಶ್ವವಿದ್ಯಾಲಯ'ದಲ್ಲಿ ಓದಿದಳು. ಅಕ್ಕ ಬ್ರೋನ್ಯಾ ಪ್ಯಾರಿಸ್ಸಿನಲ್ಲಿ ಡಾಕ್ಟರ್ ಆಗಲಿ ಅಂತ ವರ್ಷಗಟ್ಟಲೆ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ದುಡ್ಡು ಕಳಿಸಿದಳು. ಅಕ್ಕನ ಸರದಿ ಮುಗಿದ ಮೇಲೆ, 1891ರಲ್ಲಿ, ತನ್ನ ಸರದಿ ಬಂತು.

ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ 1893ಕ್ಕೆ ಭೌತಶಾಸ್ತ್ರದ ಪದವಿ, ತರಗತಿಗೇ ಮೊದಲಿಗಳು. ಮರುವರ್ಷ ಗಣಿತದಲ್ಲಿ ಎರಡನೆಯವಳು. 1895ರಲ್ಲಿ ಪಿಯರ್ ಕ್ಯೂರಿ ಜೊತೆ ಮದುವೆ. 1896ರಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂನಿಂದ ವಿಚಿತ್ರ ಕಿರಣ ಹೊಮ್ಮುವುದನ್ನು ಕಂಡಿದ್ದ. ಮೇರಿ ಅದನ್ನೇ ತನ್ನ ಡಾಕ್ಟರೇಟ್ ವಿಷಯ ಮಾಡಿಕೊಂಡರು. ಪಿಚ್‌ಬ್ಲೆಂಡ್ ಎಂಬ ಅದಿರು ಅದರಲ್ಲಿರುವ ಯುರೇನಿಯಂನ ಲೆಕ್ಕಕ್ಕಿಂತ ಹೆಚ್ಚು ವಿಕಿರಣ ಸೂಸುತ್ತಿತ್ತು. ಹಾಗಾದರೆ ಅದರೊಳಗೆ ಇನ್ನೇನೋ ಇರಬೇಕು. ಈ ಸರಳ ತರ್ಕದಿಂದ 1898ರ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರ್‌ನಲ್ಲಿ ರೇಡಿಯಂ ಪ್ರಕಟವಾದವು.

ಇದೆಲ್ಲ ನಡೆದ ಜಾಗ ಯಾವುದು? ಪಿಯರ್ ಪಾಠ ಮಾಡುತ್ತಿದ್ದ ಔದ್ಯಮಿಕ ಭೌತ-ರಸಾಯನ ಶಾಲೆಯ ಒಂದು ಶೆಡ್. ಮೊದಲು ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ಯುತ್ತಿದ್ದ ಕೋಣೆ ಅದು. ಗಾಜಿನ ಮಾಡು, ಮಳೆ ಬಂದರೆ ಸೋರುತ್ತಿತ್ತು. ವಿಷಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇರಲಿಲ್ಲ. ಹಾಗಾಗಿ ಹವೆ ಚೆನ್ನಾಗಿದ್ದರೆ ಅಂಗಳದಲ್ಲಿ ಕುದಿಸುವುದು, ಮಳೆ ಬಂದರೆ ಒಳಗೆ ಕುದಿಸಿ ಕಿಟಕಿ ತೆರೆದಿಡುವುದು. ಬೊಹೇಮಿಯಾದ ಗಣಿಯಿಂದ ಬಂದ ಅದಿರಿನ ಕಸ ಟನ್ನುಗಟ್ಟಲೆ. ಒಂದು ಸಲಕ್ಕೆ 20 ಕಿಲೋವರೆಗೂ ಹಾಕಿ, ತನ್ನೆತ್ತರದ ಕಬ್ಬಿಣದ ಸಲಾಕೆಯಿಂದ ದಿನವಿಡೀ ತಿರುವುತ್ತಿದ್ದರು. 1902ರಲ್ಲಿ ಕೈಗೆ ಸಿಕ್ಕಿದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗ ರೇಡಿಯಂ ಕ್ಲೋರೈಡ್.

ಪಠ್ಯಪುಸ್ತಕಗಳು ಈ ಶೆಡ್ಡನ್ನು ಪ್ರೀತಿಯಿಂದ ವರ್ಣಿಸುತ್ತವೆ. ಬಡತನದಲ್ಲಿ ಅರಳಿದ ಪ್ರತಿಭೆ, ಇತ್ಯಾದಿ. ನನಗೆ ಕಾಣುವುದು ಬೇರೆ. ಒಂದು ದೊಡ್ಡ ವಿಶ್ವವಿದ್ಯಾಲಯವಿದ್ದ ಊರಿನಲ್ಲಿ, ಜಗತ್ತಿನ ಆ ಹೊತ್ತಿನ ಅತಿಮುಖ್ಯ ಸಂಶೋಧನೆಗೆ ಗಾಳಿಯಾಡುವ ಒಂದು ಕೋಣೆ ಕೊಡುವ ಮನಸ್ಸು ಯಾರಿಗೂ ಬರಲಿಲ್ಲ. ಅದನ್ನು ಬಡತನ ಅನ್ನುವುದಕ್ಕಿಂತ ಆದ್ಯತೆ ಅನ್ನುವುದು ಸರಿ.

ಅವರಿಗೆ ಅಪಾಯ ಗೊತ್ತೇ ಇರಲಿಲ್ಲ ಅಂತ ಹೇಳುವುದು ಸಾಮಾನ್ಯ. ಇದು ಅರ್ಧ ಸತ್ಯ. ಪಿಯರ್ ಬೇಕೆಂದೇ ತನ್ನ ತೋಳಿಗೆ ರೇಡಿಯಂ ಲವಣ ಕಟ್ಟಿಕೊಂಡು ಹತ್ತು ಗಂಟೆ ಬಿಟ್ಟಿದ್ದರು. ಚರ್ಮ ಸುಟ್ಟಿತು, ಗಾಯ ಒಣಗಲು ತಿಂಗಳುಗಳೇ ಹಿಡಿದವು. ಬೆಕೆರೆಲ್ ಕೋಟಿನ ಜೇಬಿನಲ್ಲಿ ಟ್ಯೂಬ್ ಇಟ್ಟುಕೊಂಡು ತಿರುಗಿದ್ದಕ್ಕೆ ಅಲ್ಲೂ ಸುಟ್ಟಗಾಯ. ಇಬ್ಬರೂ ಸೇರಿ ಇದನ್ನು 1901ರಲ್ಲೇ ಪ್ರಕಟಿಸಿದರು. 1904ರಲ್ಲಿ ಪಿಯರ್ ಇಬ್ಬರು ವೈದ್ಯವಿಜ್ಞಾನಿಗಳ ಜೊತೆ ಸೇರಿ ಇಲಿ ಮತ್ತು ಗಿನಿ ಹಂದಿಗಳಿಗೆ ರೇಡಿಯಂನಿಂದ ಹೊಮ್ಮುವ ಅನಿಲ ಉಸಿರಾಡಿಸಿದರು. ಅದೇ ಇವತ್ತಿನ ರೇಡಾನ್. ಪ್ರಾಣಿಗಳು ಗಂಟೆಗಳಲ್ಲಿ ಸತ್ತವು. ಅದೇ ಅನಿಲ ಆ ಶೆಡ್ಡಿನ ಗಾಳಿಯಲ್ಲೂ ಇತ್ತು.

ಹಾಗಾದರೆ ಯಾಕೆ ನಿಲ್ಲಿಸಲಿಲ್ಲ? ಒಂದು ಕಾರಣ, ಚರ್ಮ ಸುಡುವುದನ್ನು ಆಗ ಒಳ್ಳೆಯ ಸುದ್ದಿಯಾಗಿ ಓದಲಾಯಿತು. ಜೀವಕೋಶ ಕೊಲ್ಲುತ್ತದೆ ಅಂದರೆ ಕ್ಯಾನ್ಸರ್ ಗಡ್ಡೆಯನ್ನೂ ಕೊಲ್ಲಬಹುದು ತಾನೆ? ಅದು ನಿಜವೂ ಆಯಿತು, ರೇಡಿಯಂ ಚಿಕಿತ್ಸೆ ಎಷ್ಟೋ ಜನರನ್ನು ಉಳಿಸಿತು. ಇನ್ನೊಂದು ಕಾರಣ, ಚರ್ಮದ ಗಾಯ ಕಣ್ಣಿಗೆ ಕಾಣುತ್ತದೆ, ಮೂಳೆ ಮಜ್ಜೆಯ ಗಾಯ ಕಾಣುವುದಿಲ್ಲ. ಬೆರಳ ತುದಿ ಬಿರಿಯುತ್ತಿತ್ತು, ಸುಸ್ತು ಬಿಡುತ್ತಿರಲಿಲ್ಲ, 1903ರಲ್ಲಿ ಮೇರಿಗೆ ಗರ್ಭಪಾತವಾಯಿತು. ಪ್ರತಿಯೊಂದಕ್ಕೂ ಬೇರೆ ಬೇರೆ ನೆಪ ಸಿಗುತ್ತಿತ್ತು: ಅತಿಯಾದ ಕೆಲಸ, ನಿದ್ದೆಗೇಡು, ಚಳಿ.

1903ರಲ್ಲೇ ಡಾಕ್ಟರೇಟ್, ಅದೇ ವರ್ಷ ಪಿಯರ್ ಮತ್ತು ಬೆಕೆರೆಲ್ ಜೊತೆ ಭೌತಶಾಸ್ತ್ರದ ನೊಬೆಲ್. 1906ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ರಸ್ತೆಯಲ್ಲಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಪಿಯರ್ ಸತ್ತರು. ಅವರ ಜಾಗದಲ್ಲಿ ಪಾಠ ಮಾಡಲು ಮೇರಿಯನ್ನು ಕರೆದರು. ಸೋರ್ಬಾನ್‌ನಲ್ಲಿ ಪಾಠ ಮಾಡಿದ ಮೊದಲ ಹೆಂಗಸು ಅವರೇ.

1911 ಅವರ ಬದುಕಿನ ಅತಿ ವಿಚಿತ್ರ ವರ್ಷ. ಜನವರಿಯಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವಕ್ಕೆ ನಿಂತು ಕೂದಲೆಳೆಯಲ್ಲಿ ಸೋತರು. ಬಲಪಂಥೀಯ ಪತ್ರಿಕೆಗಳು ಅವರು ಹೆಂಗಸು, ವಿದೇಶಿ ಅಂತ ಹೀಯಾಳಿಸಿದವು, ಯಹೂದಿ ಅಂತಲೂ ಗುಲ್ಲು ಎಬ್ಬಿಸಿದವು. ವರ್ಷದ ಕೊನೆಗೆ ವಿಜ್ಞಾನಿ ಪಾಲ್ ಲಾಂಜೆವಿನ್ ಜೊತೆಗಿನ ಸಂಬಂಧದ ಖಾಸಗಿ ಪತ್ರಗಳನ್ನು ಪತ್ರಿಕೆಗಳು ಬೀದಿಗೆ ತಂದವು. ಮನೆ ಮುಂದೆ ಜನ ಸೇರಿದರು. ಅದೇ ಹೊತ್ತಿಗೆ ಎರಡನೇ ನೊಬೆಲ್ ಘೋಷಣೆಯಾಯಿತು, ಈ ಸಲ ರಸಾಯನಶಾಸ್ತ್ರಕ್ಕೆ. ಗಲಾಟೆ ತಣ್ಣಗಾಗುವವರೆಗೆ ಬರಬೇಡಿ ಅನ್ನುವ ಅರ್ಥದ ಪತ್ರ ಸ್ವೀಡನ್ನಿನಿಂದ ಬಂತು. ನನ್ನ ಕೆಲಸಕ್ಕೂ ಖಾಸಗಿ ಬದುಕಿಗೂ ಸಂಬಂಧವಿಲ್ಲ ಅಂತ ಉತ್ತರ ಬರೆದು ಅವರು ಹೋದರು, ಬಹುಮಾನ ತೆಗೆದುಕೊಂಡರು. ಈಗಿನ ಟ್ರೋಲ್ ಸೈನ್ಯಗಳನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಈ ವರ್ಷವನ್ನು ಯಾಕೆ ಇಷ್ಟುದ್ದ ಹೇಳಿದೆ ಅಂದರೆ, ಸುರಕ್ಷತೆಯ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ ಅಂತ ನನಗನ್ನಿಸುತ್ತದೆ. ಯಾವಾಗ ಬೀಳುತ್ತಾಳೋ ಅಂತ ಕಾಯುತ್ತಿರುವ ಜನರ ನಡುವೆ ನಿಂತ ಹೆಂಗಸು, ನನ್ನ ಲ್ಯಾಬ್ ನನ್ನ ಆರೋಗ್ಯ ತಿನ್ನುತ್ತಿದೆ ಅಂತ ಬಾಯಿ ಬಿಡುವುದು ಸುಲಭವಲ್ಲ. ಬಿಟ್ಟರೆ ಮೊದಲು ಹೋಗುವುದು ಲ್ಯಾಬೇ. ಇದು ನನ್ನ ಊಹೆ. ಆದರೆ ಇವತ್ತಿಗೂ ಯಾವುದೇ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯರನ್ನು ಕೇಳಿ ನೋಡಿ, ತಲೆಸುತ್ತು ಬಂದರೆ ಗೈಡ್‌ಗೆ ಹೇಳ್ತೀರಾ ಅಂತ.

ಅವರದೇ ಆದ ಸರಿಯಾದ ಪ್ರಯೋಗಾಲಯ, ಪ್ಯಾರಿಸ್ ವಿಶ್ವವಿದ್ಯಾಲಯ ಮತ್ತು ಪಾಶ್ಚರ್ ಸಂಸ್ಥೆ ಸೇರಿ ಕಟ್ಟಿದ ರೇಡಿಯಂ ಇನ್‌ಸ್ಟಿಟ್ಯೂಟ್, ಸಿದ್ಧವಾದದ್ದು 1914ರಲ್ಲಿ. ಆಗಲೇ ಯುದ್ಧ ಶುರು. ಲ್ಯಾಬಿನ ರೇಡಿಯಂ ಅನ್ನು ಸೀಸದ ಪೆಟ್ಟಿಗೆಯಲ್ಲಿ ತುಂಬಿ ರೈಲಿನಲ್ಲಿ ಬೋರ್ಡೋಗೆ ಸಾಗಿಸಿ ವಾಪಸ್ ಬಂದ ಮೇರಿ, ಎಕ್ಸ್‌ರೇ ಯಂತ್ರ ಹೊತ್ತ ಮೋಟಾರು ಗಾಡಿಗಳ ಪಡೆ ಕಟ್ಟಿದರು. ಸುಮಾರು 20 ಗಾಡಿಗಳು, 200 ಸ್ಥಿರ ಎಕ್ಸ್‌ರೇ ಕೋಣೆಗಳು, ತರಬೇತಿ ಪಡೆದ ಸುಮಾರು 150 ಹೆಂಗಸರು. ಹದಿಹರೆಯದ ಮಗಳು ಐರೀನ್ ಕೂಡ ರಣರಂಗದ ಹತ್ತಿರ ಹೋಗಿ ಕೆಲಸ ಮಾಡಿದಳು. ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರ ಎಕ್ಸ್‌ರೇ ಆಯಿತು ಅನ್ನುತ್ತಾರೆ. ಯಂತ್ರ ನಡೆಸುವವರಿಗೆ ರಕ್ಷಣೆ ಇದ್ದದ್ದು ಅಷ್ಟಕ್ಕಷ್ಟೇ.

ಯುದ್ಧ ಮುಗಿದ ಮೇಲೆ ರೇಡಿಯಂ ಒಂದು ಉದ್ಯಮವಾಗಿತ್ತು. ಕ್ಯೂರಿಗಳು ತಮ್ಮ ವಿಧಾನಕ್ಕೆ ಪೇಟೆಂಟ್ ಮಾಡಿಸಿಕೊಂಡಿರಲಿಲ್ಲ. ಒಂದು ಗ್ರಾಮಿನ ಬೆಲೆ ಒಂದು ಲಕ್ಷ ಡಾಲರ್. ಅದನ್ನು ಕಂಡುಹಿಡಿದವರಿಗೇ ಇನ್ನೊಂದು ಗ್ರಾಂ ಕೊಳ್ಳಲು ದುಡ್ಡಿಲ್ಲ. ಅಮೆರಿಕದ ಹೆಂಗಸರು ಚಂದಾ ಎತ್ತಿದರು, 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ವೈಟ್‌ಹೌಸ್‌ನಲ್ಲಿ ಒಂದು ಗ್ರಾಂ ಕೊಡುಗೆ ಕೊಟ್ಟರು.

ಅದೇ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಳ್ಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. ಹಾಗೆ ಮಾಡಿ ಅಂತ ಹೇಳಿಕೊಟ್ಟಿದ್ದೇ ಕಂಪನಿ. 1920ರ ದಶಕದಲ್ಲಿ ಅವರ ದವಡೆ ಮೂಳೆ ಕೊಳೆಯತೊಡಗಿತು. ಒಬ್ಬೊಬ್ಬರೇ ಸತ್ತರು. ಉಳಿದವರು ಕೋರ್ಟಿಗೆ ಹೋದರು, 1928ರಲ್ಲಿ ರಾಜಿಯಾಯಿತು. ಮೂಳೆಗೆ ಸೇರಿದ ರೇಡಿಯಂ ಅನ್ನು ಹೊರತೆಗೆಯುವ ಉಪಾಯ ಮೇರಿಯ ಬಳಿಯೂ ಇರಲಿಲ್ಲ.

ಮನೆ ಹತ್ತಿರವೂ ಸಾವುಗಳು ಶುರುವಾಗಿದ್ದವು. ಹಿಂದೆ ಅವರ ಬಳಿ ಕೆಲಸ ಕಲಿತಿದ್ದ ಇಬ್ಬರು ಇಂಜಿನಿಯರ್‌ಗಳು ವಿಕಿರಣ ವಸ್ತುಗಳನ್ನು ತಯಾರಿಸುತ್ತಲೇ ಕಾಯಿಲೆ ಬಿದ್ದು, ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. 1925ರಲ್ಲಿ ಫ್ರೆಂಚ್ ವೈದ್ಯಕೀಯ ಅಕಾಡೆಮಿಯ ಸಮಿತಿ ಕೂತಿತು, ಮೇರಿಯೂ ಅದರಲ್ಲಿದ್ದರು. ಸೀಸದ ಪರದೆ ಇರಬೇಕು, ಕೆಲಸಗಾರರಿಗೆ ನಿಯಮಿತ ರಕ್ತಪರೀಕ್ಷೆ ಆಗಬೇಕು ಅಂತ ಶಿಫಾರಸು ಮಾಡಿದರು. ಅವರ ಇನ್‌ಸ್ಟಿಟ್ಯೂಟಿನಲ್ಲೂ ಈ ನಿಯಮಗಳು ಬಂದವು: ಇಕ್ಕಳದಲ್ಲೇ ಹಿಡಿಯಬೇಕು, ಪರದೆ ಹಿಂದೆ ನಿಲ್ಲಬೇಕು, ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತಕಣ ಕಡಿಮೆಯಾದವರನ್ನು ಹಳ್ಳಿಗಾಡಿನ ಗಾಳಿಗೆ ಕಳಿಸುತ್ತಿದ್ದರು.

ಶಿಷ್ಯರು ನಿಯಮ ಮರೆತರೆ ಬೈಯುತ್ತಿದ್ದ ಮೇಡಂ, ತಾವು ಮಾತ್ರ ಬರಿಗೈಲಿ ಟ್ಯೂಬ್ ಎತ್ತುತ್ತಿದ್ದರು. ಅಷ್ಟರಲ್ಲಿ ಎರಡೂ ಕಣ್ಣಿಗೆ ಪೊರೆ ಬಂದು ಹಲವು ಬಾರಿ ಆಪರೇಷನ್ ಆಗಿತ್ತು. ಕುರುಡಾಗುತ್ತಿರುವುದನ್ನೂ ಅವರು ಆದಷ್ಟು ಮುಚ್ಚಿಟ್ಟರು.

ಇಲ್ಲಿ ಅವರನ್ನು ಬೈಯುವುದು ಸುಲಭ, ಹೊಗಳುವುದು ಇನ್ನೂ ಸುಲಭ. ನಾನು ಇಂಜಿನಿಯರಿಂಗ್ ಓದಿದವನು, ಸಿಸ್ಟಮ್ ಹೇಗಿತ್ತು ಅಂತ ನೋಡುವ ಅಭ್ಯಾಸ. ಆ ಸಂಸ್ಥೆಯಲ್ಲಿ ನಿಯಮ ಮಾಡುವವರೂ ಅವರೇ, ಪಾಲಿಸಬೇಕಾದವರೂ ಅವರೇ, ಪಾಲಿಸಿದರಾ ಅಂತ ನೋಡಬೇಕಾದವರೂ ಅವರೇ. ಮೇಡಂ, ಇವತ್ತು ನೀವು ಒಳಗೆ ಹೋಗುವ ಹಾಗಿಲ್ಲ ಅಂತ ಹೇಳುವ ಅಧಿಕಾರ ಇದ್ದ ಒಬ್ಬ ಮನುಷ್ಯ ಆ ಕಟ್ಟಡದಲ್ಲಿ ಇರಲಿಲ್ಲ. ಎರಡು ನೊಬೆಲ್ ಪಡೆದವರಿಗೆ ಹಾಗೆ ಹೇಳಲು ಯಾರಿಗಾದರೂ ಧೈರ್ಯ ಬರಬೇಕಾದರೆ ಅದು ಅವನ ಕೆಲಸವೇ ಆಗಿರಬೇಕು, ಹಾಗೆ ಹೇಳಿದ್ದಕ್ಕೆ ಅವನ ಕೆಲಸ ಹೋಗಬಾರದು.

1928ರಲ್ಲಿ ಸ್ಟಾಕ್‌ಹೋಮ್‌ನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಎಕ್ಸ್‌ರೇ ಮತ್ತು ರೇಡಿಯಂ ರಕ್ಷಣೆಯ ಸಮಿತಿ ಹುಟ್ಟಿತು. ಇಂದಿನ ಐಸಿಆರ್‌ಪಿ ಅದರ ಮುಂದುವರಿಕೆ. 1934ರಲ್ಲಿ ಅದು ಮೊದಲ ಬಾರಿ ದಿನಕ್ಕೆ ಇಷ್ಟು ಅಂತ ಒಂದು ಮಿತಿಯನ್ನು ಸಂಖ್ಯೆಯಲ್ಲಿ ಹೇಳಿತು. ಅದೇ ವರ್ಷ ಜುಲೈ 4ರಂದು, ಆಲ್ಪ್ಸ್ ತಪ್ಪಲಿನ ಒಂದು ಆರೋಗ್ಯಧಾಮದಲ್ಲಿ, ಮೂಳೆ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿದ ರಕ್ತಹೀನತೆಯಿಂದ ಮೇರಿ ತೀರಿಕೊಂಡರು. 66 ವರ್ಷ.

1995ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ ಸಾಗಿಸುವಾಗ ಶವಪೆಟ್ಟಿಗೆಯ ವಿಕಿರಣ ಅಳೆದರು. ಅಂದುಕೊಂಡಷ್ಟು ಇರಲಿಲ್ಲ. ಹಾಗಾಗಿ ಅವರನ್ನು ಕೊಂದದ್ದು ರೇಡಿಯಂಗಿಂತ ಹೆಚ್ಚಾಗಿ ಯುದ್ಧಕಾಲದ ಎಕ್ಸ್‌ರೇ ಇರಬಹುದು ಅಂತ ತಜ್ಞರು ಹೇಳಿದರು. ಅದೇನೇ ಇರಲಿ, ಎರಡೂ ಕೆಲಸದ ಜಾಗದಲ್ಲೇ ಸಿಕ್ಕಿದ್ದು.

ಕಥೆ ಅವರೊಂದಿಗೆ ಮುಗಿಯಲಿಲ್ಲ. ತಾನೂ ನೊಬೆಲ್ ಪಡೆದ ಮಗಳು ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. 1929ರಲ್ಲಿ ಲ್ಯಾಬ್ ಸಹಾಯಕಿಯಾಗಿ ಸೇರಿದ ಮಾರ್ಗರೀತ್ ಪೆರೆ, ಮುಂದೆ ಫ್ರಾನ್ಸಿಯಂ ಕಂಡುಹಿಡಿದವರು. ಮೇರಿಗೆ ಸಿಗದಿದ್ದ ವಿಜ್ಞಾನ ಅಕಾಡೆಮಿಯ ಬಾಗಿಲು 1962ರಲ್ಲಿ ಅವರಿಗೆ ತೆರೆಯಿತು. ಅಷ್ಟರಲ್ಲಿ ಅವರಿಗೂ ಕ್ಯಾನ್ಸರ್. ಮೇರಿಯ ನೋಟ್‌ಬುಕ್‌ಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಯಲ್ಲಿವೆ. ರೇಡಿಯಂ ಅರ್ಧದಷ್ಟಾಗಲು 1600 ವರ್ಷ ಬೇಕು. ಪ್ಯಾರಿಸ್ ಹೊರವಲಯದ ಆರ್ಕೇಯ್‌ನಲ್ಲಿದ್ದ ಇನ್‌ಸ್ಟಿಟ್ಯೂಟಿನ ಶಾಖೆ ಮುಚ್ಚಿ ದಶಕಗಳಾದ ಮೇಲೂ ಕಟ್ಟಡದಲ್ಲಿ ಮಾಲಿನ್ಯ ಉಳಿದಿತ್ತು, ಅದರ ಸುತ್ತ ಜನವಸತಿ ಇತ್ತು. ಲ್ಯಾಬ್ ಖಾಲಿ ಮಾಡಿದ ಮಾತ್ರಕ್ಕೆ ವಿಶ್ವವಿದ್ಯಾಲಯದ ಹೊಣೆ ಖಾಲಿ ಆಗುವುದಿಲ್ಲ.

ನಮಗೆ ಇದು ಗೊತ್ತಿರಬೇಕು. ಯಾಕೆಂದರೆ 2010ರ ಏಪ್ರಿಲ್ ನಮ್ಮದೇ ದೇಶದಲ್ಲಿ ನಡೆದದ್ದು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ಇದ್ದ ಒಂದು ಗಾಮಾ ಯಂತ್ರ 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. ಒಳಗೇನಿದೆ ಅಂತ ನೆನಪಿದ್ದವರು ಯಾರೂ ಉಳಿದಿರಲಿಲ್ಲವೋ, ಕೇಳಿದವರೇ ಇರಲಿಲ್ಲವೋ, ಅಂತೂ ಹಳೇ ಸಾಮಾನಿನ ಜೊತೆ ಹರಾಜು ಹಾಕಿದರು. ಅದು ಮಾಯಾಪುರಿಯ ಗುಜರಿ ಅಂಗಡಿಗಳಿಗೆ ಹೋಯಿತು. ಕಬ್ಬಿಣ ಬಿಚ್ಚಿದವರು ಕೋಬಾಲ್ಟನ್ನೂ ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಸತ್ತ. ಆತ ವಿಜ್ಞಾನಕ್ಕಾಗಿ ಪ್ರಾಣ ಕೊಡಲಿಲ್ಲ. ಆತನ ಫೋಟೋ ಯಾವ ಲ್ಯಾಬಿನಲ್ಲೂ ಇಲ್ಲ.

ಕಾಗದದ ಮೇಲೆ ನಮ್ಮಲ್ಲಿ ಎಲ್ಲವೂ ಇದೆ. 1983ರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ವಿಕಿರಣ ಮೂಲ ಇಟ್ಟುಕೊಳ್ಳುವ ಸಂಸ್ಥೆಗೆ ರೇಡಿಯೇಷನ್ ಸೇಫ್ಟಿ ಆಫೀಸರ್ ಇರಬೇಕು ಅಂತ ನಿಯಮ ಇದೆ. ಎಷ್ಟು ಮೂಲ ಬಂತು, ಎಲ್ಲಿದೆ, ಯಾವಾಗ ವಾಪಸ್ ಹೋಯಿತು ಅಂತ ಲೆಕ್ಕ ಇಡುವುದು, ಕೆಲಸ ಮಾಡುವವರ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜನ್ನು ಮೂರು ತಿಂಗಳಿಗೊಮ್ಮೆ ಓದಿಸುವುದು, ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಮಿತಿ ದಾಟದಂತೆ ನೋಡುವುದು, ಈ ಥರದ ಕೆಲಸ. ಲೇಸರ್ ಲ್ಯಾಬಿಗಾದರೆ ಬಾಗಿಲು ತೆರೆದರೆ ಕಿರಣ ನಿಲ್ಲುವ ಇಂಟರ್‌ಲಾಕ್, ಆಯಾ ತರಂಗಾಂತರಕ್ಕೆ ತಕ್ಕ ಕನ್ನಡಕ. ಯಾವುದಕ್ಕೂ ನೊಬೆಲ್ ಬರುವುದಿಲ್ಲ. ಹಾಗಾಗಿ ಎಷ್ಟೋ ಕಡೆ ಈ ಹುದ್ದೆ ಯಾವುದೋ ಜೂನಿಯರ್ ಪ್ರೊಫೆಸರ್ ತಲೆಗೆ ಕಟ್ಟಿದ ಹೆಚ್ಚುವರಿ ಕೆಲಸ. ತನ್ನ ಬಡ್ತಿಗೆ ಸಹಿ ಹಾಕುವ ಹಿರಿಯರ ಲ್ಯಾಬಿಗೆ ಆತ ಬೀಗ ಹಾಕಬಲ್ಲನೇ?

ವಿದ್ಯಾರ್ಥಿ ರಾಜಕೀಯದಲ್ಲಿರುವ ಗೆಳೆಯರಿಗೆ ನನ್ನ ಕೋರಿಕೆ ಇದು. ಹಾಸ್ಟೆಲ್ ಊಟ, ಫೆಲೋಶಿಪ್, ಫೀಸು ಎಲ್ಲದರ ಬಗ್ಗೆ ಮನವಿ ಕೊಡುತ್ತೇವೆ, ಕೊಡಲೇಬೇಕು. ಆ ಪಟ್ಟಿಗೆ ಇನ್ನು ನಾಲ್ಕು ಸಾಲು ಸೇರಿಸಿ. ನಮ್ಮ ಕ್ಯಾಂಪಸ್ಸಿನ ಸೇಫ್ಟಿ ಆಫೀಸರ್ ಯಾರು? ಅವರಿಗೆ ಕೆಲಸ ನಿಲ್ಲಿಸುವ ಅಧಿಕಾರ ಇದೆಯಾ? ನನ್ನ ಬ್ಯಾಡ್ಜಿನ ರೀಡಿಂಗ್ ನನಗೆ ತೋರಿಸುತ್ತೀರಾ? ಹಳೇ ಸ್ಟೋರ್ ರೂಮಿನಲ್ಲಿ ಏನೇನಿದೆ ಅಂತ ಕೊನೆಯ ಸಲ ಪಟ್ಟಿ ಮಾಡಿದ್ದು ಯಾವಾಗ? ಲ್ಯಾಬ್ ಗುಡಿಸುವ ಗುತ್ತಿಗೆ ಕಾರ್ಮಿಕರಿಗೂ ತರಬೇತಿ ಆಗಿದೆಯಾ ಅಂತಲೂ ಮರೆಯದೆ ಕೇಳಿ.

ನನ್ನ ಪ್ರಾಜೆಕ್ಟ್ ಮುಗಿಯುವವರೆಗೂ ನಾನು ಒಮ್ಮೆಯೂ ಆ ಬೀರುವಿನ ಕೀಲಿ ಕೇಳಲಿಲ್ಲ. ಮಾರ್ಕ್ಸಿನ ಭಯ. ಕಣ್ಣು ಉಳಿದದ್ದು ಅದೃಷ್ಟ. ಮೇಡಂ ಕ್ಯೂರಿಯ ಫೋಟೋ ಅಲ್ಲೇ ಇರಲಿ, ತೆಗೆಯುವುದು ಬೇಡ. ಕೆಳಗಿನ ಬೀರುವಿಗೆ ಬೀಗ ಬೇಡ, ಅಷ್ಟೇ.